ರಬ್ಬರ್ ಸ್ಟ್ಯಾಂಪ್ ಇಂಕ್ ಒಣಗ್ತಾನೇ ಇಲ್ಲ, ಏನ್ ಮಾಡ್ಲಿ?

ಕಾಗದದೋಣಿ: ಯುಗಾದಿಗೆ ಅಜ್ಜಿಗೆ ಕಳ್ಸೋಕೆ ಕಾರ್ಡ್ ಮಾಡ್ತಿದೀನಿ, ಮಾವಿನೆಲೆ ಸ್ಟ್ಯಾಂಪ್ ಒತ್ತಿ ಹತ್ತು ನಿಮಿಷ ಬಿಟ್ರೂ ಬೆರಳು ತಾಗಿದ್ರೆ ಎಲ್ಲಾ ಅಳ್ಸೋಗ್ತಿದೆ. ಪಿಗ್ಮೆಂಟ್ ಇಂಕು, ಗ್ಲಾಸಿ ಪೇಪರು.

ಬಣ್ಣದಬುಟ್ಟಿ: ಪೇಪರ್ರೇ ಸಮಸ್ಯೆ. ಪಿಗ್ಮೆಂಟ್ ಇಂಕ್ ಬೇಗ ಒಳಗೆ ಇಳಿಯಲ್ಲ, ಮೇಲೇ ಕೂತು ನಿಧಾನಕ್ಕೆ ಒಣಗುತ್ತೆ, ಗ್ಲಾಸಿ ಮೇಲಂತೂ ಕೇಳ್ಲೇಬೇಡಿ. 250-300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಮ್ಯಾಟ್ ಕಾರ್ಡ್‌ಸ್ಟಾಕ್, ಅಂದ್ರೆ ಹೊಳಪಿಲ್ಲದ ದಪ್ಪ ಕಾಗದ ತಗೊಳ್ಳಿ, ಇಲ್ಲಾಂದ್ರೆ ಇಂಕ್ ಒದ್ದೆ ಇರುವಾಗ್ಲೇ ಎಂಬಾಸಿಂಗ್ ಪೌಡರ್ ಉದುರ್ಸಿ, ಮಿಕ್ಕಿದ್ದನ್ನ ಡಬ್ಬಿಗೆ ವಾಪಸ್ ಕೊಡವಿ ಹೀಟ್ ಗನ್ (ತುಂಬಾ ಬಿಸಿ ಗಾಳಿ ಬಿಡೋ ಸಾಧನ) ಹಿಡೀರಿ, ಪುಡಿ ಕರಗಿ ಉಬ್ಬಿ ನಿಲ್ಲುತ್ತೆ, ಅದರ ಅಂದಾನೇ ಬೇರೆ.

ಮಲ್ನಾಡ್‌ಹುಡ್ಗಿ: ಹೇರ್ ಡ್ರೈಯರ್ ಬೇಡ, ಪುಡಿ ಹಾರೋಗತ್ತೆ. ಸ್ಟ್ಯಾಂಪನ್ನ ಅಲ್ಲಾಡಿಸ್ದೆ ನೇರ ಒತ್ತಿ, ನೇರ ಎತ್ತಿ.

ಕಾಗದದೋಣಿ: ಪೌಡರ್ ಹಾಕಿ ನೋಡ್ದೆ, ಎಲೆ ನರಗಳೆಲ್ಲ ಎದ್ದು ಕಾಣ್ತಿವೆ! ಅಜ್ಜಿಗೆ ಕಣ್ಣು ಮಂಜು, ಬೆರಳಲ್ಲಿ ಸವರಿ ನೋಡ್ತಾರೆ.