ಔಷಧಿಗೆ ಹಣ ಕೊಡ್ತಾರೆ, ತಲುಪಿಸೋರಿಗೆ ಕೊಡಲ್ಲ: ಏನು ಮಾಡೋದು?

(ಗುಂಪಿನ ಸದಸ್ಯರಿಗೆ: ಸಮುದಾಯ ಆರೋಗ್ಯದ ಕೆಲಸಕ್ಕೆ ಸ್ಥಳೀಯ ಫೌಂಡೇಶನ್‌ಗಳಿಂದ ಅನುದಾನ ಕೇಳೋದರ ಬಗ್ಗೆ ಈ ವಾರ ಪ್ರಶ್ನೆ ಹಾಕಬಹುದು. ಉತ್ತರ ಕೊಡ್ತಿರುವ ಮೇಡಂ ಹಲವು ವರ್ಷ ಅನುದಾನ ಸಮಿತಿಯಲ್ಲಿದ್ದು ಅರ್ಜಿ ಓದಿದವರು. ಈಗ ಚಿಕ್ಕ ಸಂಸ್ಥೆಗಳಿಗೆ ಅರ್ಜಿ ಬರೆಯೋಕೆ ಸಹಾಯ ಮಾಡ್ತಾರೆ.)

ಪ್ರಶ್ನೆ (ಸಂಚಾರಿ ಕ್ಲಿನಿಕ್‌ನ ನರ್ಸ್):
ಮೇಡಂ, ನಮಸ್ಕಾರ. ನಮ್ಮದು ಚಿಕ್ಕ ಸಂಸ್ಥೆ. ಒಂದು ವ್ಯಾನು, ಇಬ್ಬರು ನರ್ಸ್, ವಾರಕ್ಕೆರಡು ದಿನ ಬರುವ ಒಬ್ಬ ಡಾಕ್ಟರು. ವಲಸೆ ಬಂದು ದುಡಿಯೋರು, ಒಂಟಿಯಾಗಿರೋ ವಯಸ್ಸಾದವರು, ಯಾವ ದಾಖಲೆಯೂ ಕೈಯಲ್ಲಿಲ್ಲದವರು, ಇವರೇ ನಮ್ಮ ಪೇಷೆಂಟ್‌ಗಳು. ಒಂದು ಫೌಂಡೇಶನ್‌ಗೆ ಎರಡು ಸಲ ಅರ್ಜಿ ಹಾಕಿದೆವು. ಎರಡು ಸಲವೂ "ಅಗತ್ಯ ಸ್ಪಷ್ಟವಾಗಿಲ್ಲ" ಅಂತ ವಾಪಸ್ ಬಂತು. ನಮ್ಮ ಮೊದಲ ಪ್ಯಾರಾ ಹೀಗಿದೆ: "ಈ ಪ್ರದೇಶದಲ್ಲಿ ಬಡತನ, ಅನಕ್ಷರತೆ ಮತ್ತು ಅರಿವಿನ ಕೊರತೆ ಹೆಚ್ಚಿದ್ದು, ಆರೋಗ್ಯ ಸೇವೆಯ ಅವಶ್ಯಕತೆ ಬಹಳ ಇದೆ." ದಿನಾ ಕಣ್ಣಾರೆ ನೋಡ್ತಿರೋ ಕಷ್ಟವನ್ನ ಇನ್ನೂ ಹೇಗೆ ಸ್ಪಷ್ಟವಾಗಿ ಹೇಳಲಿ?

ಉತ್ತರ:
ಸಿಸ್ಟರ್, ಈ ಪ್ಯಾರಾವನ್ನ ಬೇರೆ ಯಾವ ಸಂಸ್ಥೆಯ ಅರ್ಜಿಗೆ ಅಂಟಿಸಿದರೂ ಸರಿಹೊಂದುತ್ತೆ. ತೊಂದರೆ ಇರೋದು ಅಲ್ಲೇ. ನೀವು ದಿನಾ ನೋಡ್ತಿರೋದರಲ್ಲಿ ಒಂದಿಷ್ಟೂ ಇದರಲ್ಲಿಲ್ಲ. ಸಮಿತಿಯವರ ಮುಂದೆ ಅವತ್ತು ಇನ್ನೂ ನಲವತ್ತು ಅರ್ಜಿ ಇರುತ್ತೆ, ಎಲ್ಲದರಲ್ಲೂ ಇದೇ ವಾಕ್ಯ.

"ಅರಿವಿನ ಕೊರತೆ" ಅನ್ನೋ ಮಾತನ್ನ ಮೊದಲು ಹೊಡೆದುಹಾಕಿ. ಅದು ತಪ್ಪನ್ನೆಲ್ಲ ಪೇಷೆಂಟ್ ತಲೆಗೆ ಕಟ್ಟುತ್ತೆ. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ನಿಯಮ ಬರೆದರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತೆ ಅಂತ. ಅಂದರೆ ಕೊರತೆ ಇರೋದು ಸೇವೆಯ ವ್ಯವಸ್ಥೆಯಲ್ಲಿ. ಕ್ಲಿನಿಕ್ ಐದು ಗಂಟೆಗೆ ಬಾಗಿಲು ಹಾಕಿ, ಪಾಳಿ ಏಳಕ್ಕೆ ಮುಗಿದರೆ, ಅದು ಕೆಲಸಗಾರನ ಅಜ್ಞಾನ ಹೇಗಾಗುತ್ತೆ?

ಒಂದು ಕೆಲಸ ಮಾಡಿ. ನಿಮ್ಮ ರಿಜಿಸ್ಟರ್ ತೆಗೆದು, ಬಿ.ಪಿ. ಅಥವಾ ಶುಗರ್ ಮಾತ್ರೆಗೆ ಬರ್ತಾ ಇದ್ದು ಆಮೇಲೆ ಬರೋದು ನಿಲ್ಲಿಸಿದ ಕೊನೆಯ ಹತ್ತು ಜನರ ಹೆಸರು ಬರ್ಕೊಳ್ಳಿ. ಒಬ್ಬೊಬ್ಬರನ್ನೇ ಹುಡುಕಿ ಹೋಗಿ, ಯಾಕೆ ಬರಲಿಲ್ಲ ಅಂತ ಕೇಳಿ. ಬೈಬೇಡಿ, ಸುಮ್ಮನೆ ಕೇಳಿ. ಅವರು ಕೊಡೋ ಕಾರಣಗಳೇ ನಿಮ್ಮ ಅರ್ಜಿಯ ಮೊದಲ ಪ್ಯಾರಾ.

ಪ್ರಶ್ನೆ (ಒಂದು ಟ್ರಸ್ಟಿನ ಖಜಾಂಚಿ):
ಮೇಡಂ, ನಮಗೆ ಅನುದಾನ ಸಿಗುತ್ತೆ, ಆದರೆ ಔಷಧಿ, ಉಪಕರಣ, ಶಿಬಿರ ಇಷ್ಟಕ್ಕೇ. ಸಂಬಳ ಅಂದರೆ ಮುಖ ತಿರುಗಿಸ್ತಾರೆ. ಮನೆಮನೆಗೆ ಹೋಗಿ ಮಾತ್ರೆ ತಲುಪಿಸೋ ಕಾರ್ಯಕರ್ತೆಗೆ ಮೂರು ತಿಂಗಳಿಂದ ಪೂರ್ತಿ ಸಂಬಳ ಕೊಡೋಕಾಗಿಲ್ಲ. ಅವರ ಸಂಬಳವನ್ನ "ತರಬೇತಿ" ಅಂತ ತೋರಿಸಿಬಿಡಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ. ಸರಿಯೇ?

ಉತ್ತರ:
ಬೇಡ ಸರ್, ಖಂಡಿತ ಬೇಡ. ಆಡಿಟ್‌ನಲ್ಲಿ ಸಿಕ್ಕಿಬೀಳೋ ಭಯ ಒಂದು ಕಡೆ ಇರಲಿ. ಹೀಗೆ ಬಚ್ಚಿಟ್ಟಷ್ಟೂ ಹಣ ಕೊಡೋರಿಗೆ "ಸಂಬಳವಿಲ್ಲದೆ ಈ ಕೆಲಸ ನಡೆಯುತ್ತೆ" ಅಂತಲೇ ಅನ್ನಿಸುತ್ತೆ. ಮುಂದಿನ ವರ್ಷ ಅದಕ್ಕಿಂತ ಕಡಿಮೆ ಕೊಡ್ತಾರೆ. ಆ ಕಾರ್ಯಕರ್ತೆ ನಿಮ್ಮ ಲೆಕ್ಕದ ಪುಸ್ತಕದಲ್ಲೇ ಇಲ್ಲದ ಮನುಷ್ಯಳಾಗ್ತಾಳೆ.

ಲೆಕ್ಕ ಬಿಡಿಸಿ ತೋರಿಸಿ. ನರ್ಸ್ ವಾರದ ಐದು ದಿನದಲ್ಲಿ ಎರಡು ದಿನ ಈ ಯೋಜನೆಗೆ ದುಡಿದರೆ ಅವರ ಸಂಬಳದ 40% ಈ ಬಜೆಟ್‌ಗೆ ಬರಬೇಕು. ಬಾಡಿಗೆ, ಫೋನು, ಲೆಕ್ಕಪತ್ರ ನೋಡೋರ ಖರ್ಚಿಗೂ ಇದೇ ರೀತಿ ಪಾಲು ಹಾಕಿ, ಯಾವ ಆಧಾರದ ಮೇಲೆ ಹಾಕಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಿರಿ. "ಆಡಳಿತ ವೆಚ್ಚ" ಅಂತ ಒಂದೇ ಮುದ್ದೆ ಮಾಡಿದರೆ ಯಾರ ಕತ್ತರಿಯೂ ಮೊದಲು ಅಲ್ಲಿಗೇ ಹೋಗುತ್ತೆ. "ಮಾತ್ರೆ ತಪ್ಪಿಸಿದವರ ಮನೆಗೆ ಹೋಗಿ ವಿಚಾರಿಸುವ ಕಾರ್ಯಕರ್ತೆ, ವಾರಕ್ಕೆ ಮೂರು ದಿನ" ಅಂತ ಬರೆದರೆ ಅದಕ್ಕೆ ಕತ್ತರಿ ಹಾಕೋನು ಎರಡು ಸಲ ಯೋಚಿಸ್ತಾನೆ.

ದೊಡ್ಡ ಫೌಂಡೇಶನ್‌ಗಳೂ ಇದನ್ನ ನಿಧಾನವಾಗಿ ಒಪ್ಪಿಕೊಳ್ತಿವೆ. ಯೋಜನಾ ಅನುದಾನದಲ್ಲಿ ಆಡಳಿತ ಖರ್ಚಿಗೆ ಕೊಡ್ತಿದ್ದ 10% ಪಾಲನ್ನ ಫೋರ್ಡ್ ಫೌಂಡೇಶನ್ 2015ರಲ್ಲಿ 20%ಗೆ ಏರಿಸ್ತು. ನಿಮ್ಮ ಫೌಂಡೇಶನ್ ಮಿತಿ ಹಾಕಿದ್ದರೆ ಅದನ್ನ ಮೀರಬೇಡಿ. ಆದರೆ ನಿಜವಾದ ಖರ್ಚೆಷ್ಟು, ಅವರ ಪಾಲೆಷ್ಟು, ಉಳಿದದ್ದನ್ನ ನೀವು ಎಲ್ಲಿಂದ ತರ್ತೀರಿ, ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಇಡಿ. ಮತ್ತೆ ಸರ್, ಬಾಕಿ ಸಂಬಳದ ವಿಷಯ ಟ್ರಸ್ಟಿಗಳ ಮುಂದಿನ ಸಭೆಯಲ್ಲಿ ಮೊದಲ ಐಟಂ ಆಗಲಿ. ಆಕೆ ಕೇಳದೆ ಇರೋದು ಆಕೆಗೆ ಬೇಕಿಲ್ಲ ಅಂತಲ್ಲ.

ಪ್ರಶ್ನೆ (ಸಾರ್ವಜನಿಕ ಆರೋಗ್ಯ ಓದ್ತಿರೋ ವಿದ್ಯಾರ್ಥಿ):
ಮೇಡಂ, ಮೂಲಭೂತ ಪ್ರಶ್ನೆ. ಆರೋಗ್ಯ ಸರ್ಕಾರದ ಜವಾಬ್ದಾರಿ ಅಲ್ವಾ? ಇಷ್ಟು ಚಿಕ್ಕ ಫೌಂಡೇಶನ್ ದುಡ್ಡಿಂದ ಏನು ತಾನೇ ಆಗುತ್ತೆ?

ಉತ್ತರ:
ಜವಾಬ್ದಾರಿ ಸರ್ಕಾರದ್ದೇ, ಅದರಲ್ಲಿ ಎರಡು ಮಾತಿಲ್ಲ. ಫೌಂಡೇಶನ್ ಹಣ ಅದಕ್ಕೆ ಬದಲಿ ಆಗೋದೂ ಇಲ್ಲ. ಹಲವು ಫೌಂಡೇಶನ್‌ಗಳು ಮೂಲಧನ ಮುಟ್ಟದೆ ಅದರ ಗಳಿಕೆಯಲ್ಲೇ ಅನುದಾನ ಕೊಡೋದರಿಂದ ಮೊತ್ತವೂ ಚಿಕ್ಕದೇ. ಆದರೆ ಇನ್ನೂ ಯಾರೂ ಮಾಡಿನೋಡದ ಕೆಲಸಕ್ಕೆ ಸರ್ಕಾರದ ಹಣ ಬೇಗ ಬರಲ್ಲ, ಅಲ್ಲಿ ಇದು ಕೆಲಸಕ್ಕೆ ಬರುತ್ತೆ. ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳ್ತೀನಿ.

1940ರಲ್ಲಿ ದಕ್ಷಿಣ ಆಫ್ರಿಕಾದ ಫೊಲೇಲಾ ಅನ್ನೋ ಬಡ ಗ್ರಾಮೀಣ ಪ್ರದೇಶದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ಅನ್ನೋ ಡಾಕ್ಟರ್ ದಂಪತಿ ಒಂದು ಆರೋಗ್ಯ ಕೇಂದ್ರ ಶುರುಮಾಡಿದರು. ಅಲ್ಲಿಯ ಜನರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿ, ಮನೆಮನೆಗೆ ಹೋಗಿ, ಹಿತ್ತಲಲ್ಲಿ ತರಕಾರಿ ಬೆಳೆಸಿದರು. 1957ರಲ್ಲಿ ಜಾಕ್ ಗೈಗರ್ ಅನ್ನೋ ಅಮೆರಿಕದ ವೈದ್ಯ ವಿದ್ಯಾರ್ಥಿ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಅಲ್ಲಿಗೆ ಕಲಿಯೋಕೆ ಹೋದರು. ನೋಡಿ, ಒಬ್ಬ ವಿದ್ಯಾರ್ಥಿಯ ಕೆಲವು ತಿಂಗಳ ಖರ್ಚು ಅಷ್ಟೇ. ಅವರು ವಾಪಸ್ ಬಂದು ಸಂಗಡಿಗರ ಜೊತೆ ಸರ್ಕಾರದ ಹಣ ಕೇಳಿ, 1965ರಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ, ಆಮೇಲೆ ಮಿಸ್ಸಿಸಿಪ್ಪಿಯ ಮೌಂಡ್ ಬೇಯೂನಲ್ಲಿ ಕೇಂದ್ರ ತೆರೆದರು. ಮಿಸ್ಸಿಸಿಪ್ಪಿಯಲ್ಲಿ ಮಕ್ಕಳು ಹಸಿವಿನಿಂದಲೇ ಕಾಯಿಲೆ ಬೀಳ್ತಿದ್ದರು. ಡಾಕ್ಟರುಗಳು ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಅಂತ ಬರೆದುಕೊಟ್ಟರು. ಅಂಗಡಿಯವರು ಸಾಮಾನು ಕೊಟ್ಟು ಬಿಲ್ಲನ್ನ ಕೇಂದ್ರಕ್ಕೆ ಕಳಿಸ್ತಿದ್ದರು, ಔಷಧಿ ಬಜೆಟ್‌ನಿಂದ ಅದು ಪಾವತಿಯಾಗ್ತಿತ್ತು. ಮೇಲಿನವರು ಆಕ್ಷೇಪ ಎತ್ತಿದಾಗ ಗೈಗರ್ ಕೊಟ್ಟ ಉತ್ತರದ ಸಾರ: ವೈದ್ಯಶಾಸ್ತ್ರದ ಪ್ರಕಾರ ಅಪೌಷ್ಟಿಕತೆಗೆ ಮದ್ದು ಊಟವೇ. ಇವತ್ತು ಅಮೆರಿಕದ ಇಂಥ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಚಿಕಿತ್ಸೆ ಪಡೀತಾರೆ, ಸರ್ಕಾರದ ಹಣದ ಬೆಂಬಲದಲ್ಲಿ.

ಹಾಗಾಗಿ ಅರ್ಜಿಯಲ್ಲಿ "ಈ ಒಂದು ವರ್ಷದಲ್ಲಿ ನಾವು ಏನನ್ನ ಮಾಡಿ ತೋರಿಸ್ತೀವಿ, ಆಮೇಲೆ ಅದನ್ನ ಯಾರು ವಹಿಸಿಕೊಳ್ಳಬಹುದು" ಅನ್ನೋದು ಇರಬೇಕು. ಆ "ಯಾರು" ಜೊತೆ ಮಾತು ಅನುದಾನ ಮುಗಿಯೋ ತಿಂಗಳಲ್ಲಿ ಶುರುವಾದರೆ ತಡ. ಮೊದಲ ಕಂತು ಬಂದ ಹೊತ್ತಿಗೇ ಅವರನ್ನ ಕರೆದು ಕೆಲಸ ತೋರಿಸಿ.

ಪ್ರಶ್ನೆ (ಹೆಸರು ಬೇಡ ಅಂದವರು):
ಅಲ್ಟ್ರಾಸೌಂಡ್ ಯಂತ್ರಕ್ಕೆ ಅರ್ಜಿ ಹಾಕೋಣ ಅಂತ ನಮ್ಮ ಅಧ್ಯಕ್ಷರ ಆಸೆ. ಯಂತ್ರವಾದರೆ ಬೇಗ ಮಂಜೂರಾಗುತ್ತೆ ಅಂತಾರೆ. ನಿಮ್ಮ ಅಭಿಪ್ರಾಯ?

ಉತ್ತರ:
ಬೇಗ ಮಂಜೂರಾಗೋದು ನಿಜ. ನಾನೇ ಒಂದು ಸಲ ಅಂಥ ಅರ್ಜಿಗೆ ಕೈ ಎತ್ತಿದ್ದೆ. ಒಂದೂವರೆ ವರ್ಷದ ಮೇಲೆ ನೋಡೋಕೆ ಹೋದಾಗ ಯಂತ್ರ ಮೂಲೆಯಲ್ಲಿತ್ತು. ಮೇಲೆ ಪ್ಲಾಸ್ಟಿಕ್ ಹೊದಿಕೆ, ನಮ್ಮ ಹೆಸರಿನ ಸ್ಟಿಕ್ಕರ್ ಹೊಳೀತಾ ಇತ್ತು, ಪಕ್ಕದಲ್ಲಿ ಜೆಲ್ ಬಾಟಲಿಯ ಸೀಲ್ ಕೂಡ ಒಡೆದಿರಲಿಲ್ಲ. ಸ್ಕ್ಯಾನ್ ಮಾಡೋ ಡಾಕ್ಟರ್ ಸಿಕ್ಕಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಗರ್ಭಿಣಿಯನ್ನ ಅದೇ ದಿನ ಸ್ಕ್ಯಾನಿಂಗ್‌ಗೆ ಬೇರೆ ಕಡೆ ಕಳಿಸಿದರು. ಆ ಮುಖ ಇವತ್ತಿಗೂ ನನಗೆ ಮರೆತಿಲ್ಲ.

ನಡೆಸೋರು ಯಾರು, ರಿಪೇರಿ ಯಾರ ಖರ್ಚು, ಪರವಾನಗಿ ಏನು ಬೇಕು, ಇದಕ್ಕೆ ಹೆಸರು ಸಮೇತ ಉತ್ತರ ಇದ್ದರೆ ಕೇಳಿ. ಇಲ್ಲದಿದ್ದರೆ ಸ್ಕ್ಯಾನಿಂಗ್ ಇರೋ ಕಡೆಗೆ ಗರ್ಭಿಣಿಯರನ್ನ ಕರ್ಕೊಂಡು ಹೋಗಿ ಬರೋ ವಾಹನದ ಖರ್ಚು ಕೇಳಿ.

ಪ್ರಶ್ನೆ (ಖಜಾಂಚಿ, ಮತ್ತೊಮ್ಮೆ):
ವರದಿಗೆ ಪೇಷೆಂಟ್‌ಗಳ ಫೋಟೋ, "ಯಶೋಗಾಥೆ" ಕೇಳ್ತಾರೆ. ಕೊಡಲೇಬೇಕಾ?

ಉತ್ತರ:
ಒಪ್ಪಿಗೆ ಇಲ್ಲದೆ ಕೊಡಬಾರದು ಸರ್. ಚಿಕಿತ್ಸೆಗೆ ಕೂತಿರೋ ಹೊತ್ತಲ್ಲಿ ಕೇಳಿದರೆ ಯಾರೂ "ಬೇಡ" ಅನ್ನಲ್ಲ, ಹಾಗಾಗಿ ಅದನ್ನ ಒಪ್ಪಿಗೆ ಅಂತ ನಾನು ಎಣಿಸಲ್ಲ. ಬೇರೆ ದಿನ, ಅವರ ಭಾಷೆಯಲ್ಲಿ, ಎಲ್ಲಿ ಹಾಕ್ತೀವಿ ಅಂತ ತಿಳಿಸಿ, ಲಿಖಿತವಾಗಿ ಪಡೀರಿ. ಅಂಕಿಅಂಶದಲ್ಲೂ ಹುಷಾರು. ಚಿಕ್ಕ ಜಾಗದಲ್ಲಿ "ಕ್ಷಯ ರೋಗಿ, ಮಹಿಳೆ, 60 ದಾಟಿದವರು: 1" ಅಂತ ಬರೆದರೆ ಅದು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅಂಥ ಚಿಕ್ಕ ಸಂಖ್ಯೆಗಳನ್ನ ದೊಡ್ಡ ಗುಂಪಿಗೆ ಸೇರಿಸಿ ಬರೀರಿ. ಶಿಬಿರಕ್ಕೆ ಎಷ್ಟು ಜನ ಬಂದರು ಅನ್ನೋದಕ್ಕಿಂತ, ನಿಮ್ಮಲ್ಲಿ ನೋಂದಾಯಿಸಿದ ಬಿ.ಪಿ. ಪೇಷೆಂಟ್‌ಗಳಲ್ಲಿ ಎಷ್ಟು ಜನರದ್ದು 140/90ಕ್ಕಿಂತ ಕೆಳಗಿದೆ ಅಂತ ಪ್ರತಿ ಮೂರು ತಿಂಗಳಿಗೆ ತೋರಿಸಿದರೆ, ಓದೋ ಸಮಿತಿಗೆ ಫೋಟೋ ನೆನಪಾಗಲ್ಲ.

ಪ್ರಶ್ನೆ (ನರ್ಸ್, ಐದು ದಿನದ ನಂತರ):
ಮೇಡಂ, ಹತ್ತು ಹೆಸರು ತೆಗೆದೆ. ಒಬ್ಬರು ತೀರಿಕೊಂಡಿದ್ದಾರೆ, ನಮಗೆ ಗೊತ್ತೇ ಇರಲಿಲ್ಲ. ಇಬ್ಬರು ಬೇರೆ ಕಡೆ ಹೋಗಿದ್ದಾರೆ. ಸಿಕ್ಕ ಏಳು ಜನರಲ್ಲಿ ನಾಲ್ವರಿಗೆ ನಮ್ಮ ವ್ಯಾನ್ ಬರೋ ಹೊತ್ತು ಕೆಲಸದ ಹೊತ್ತು, ಬಂದರೆ ಅವತ್ತಿನ ಕೂಲಿ ಹೋಗುತ್ತೆ. ಇಬ್ಬರಿಗೆ ನಾವು ಬರೆದುಕೊಟ್ಟ ಚೀಟಿ ಓದೋಕೆ ಬರಲ್ಲ, ಭಾಷೆ ಬೇರೆ. ಇನ್ನೊಬ್ಬ ಅಜ್ಜ ಮಾತ್ರೆಯ ಪಟ್ಟಿಯನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದರು. ತಿಂಗಳ ಮಾತ್ರೆ ಎರಡು ತಿಂಗಳು ಬರಲಿ ಅಂತ ದಿನ ಬಿಟ್ಟು ದಿನ ತಗೊಳ್ತಿದ್ದರಂತೆ. "ನಿಮಗೆ ಪದೇ ಪದೇ ತೊಂದರೆ ಕೊಡಬಾರದು ಅಂತ" ಅಂದರು. ನನಗೆ ಅಲ್ಲಿ ನಿಲ್ಲೋಕಾಗಲಿಲ್ಲ. ಹೊಸ ಪ್ಯಾರಾ ಬರೆದಿದ್ದೀನಿ, ನೋಡಿ:

"ಮಾತ್ರೆ ನಿಲ್ಲಿಸಿದ ಕೊನೆಯ ಹತ್ತು ಪೇಷೆಂಟ್‌ಗಳನ್ನು ನಾವು ಹುಡುಕಿ ಹೋದೆವು. ಸಿಕ್ಕ ಏಳರಲ್ಲಿ ನಾಲ್ವರು ಕೂಲಿ ಕಳೆದುಕೊಳ್ಳಲಾರದೆ ಬಂದಿಲ್ಲ. ವಾರಕ್ಕೆರಡು ದಿನ ಸಂಜೆ ಏಳರಿಂದ ಒಂಬತ್ತರವರೆಗೆ ವ್ಯಾನ್ ನಿಲ್ಲಿಸಲು ಚಾಲಕರ ಮತ್ತು ಒಬ್ಬ ನರ್ಸ್‌ನ ಹೆಚ್ಚುವರಿ ವೇತನ, ಮತ್ತು ಅವರ ಭಾಷೆ ಬಲ್ಲ ಒಬ್ಬ ಕಾರ್ಯಕರ್ತೆಯ ವೇತನವನ್ನು ಕೇಳುತ್ತಿದ್ದೇವೆ."

ಉತ್ತರ:
ಸಿಸ್ಟರ್, ಇದನ್ನ ಯಾವ ಸಮಿತಿಯೂ "ಸ್ಪಷ್ಟವಾಗಿಲ್ಲ" ಅನ್ನೋಕಾಗಲ್ಲ. ಎರಡು ವಾಕ್ಯ ಸೇರಿಸಿ. ತೀರಿಕೊಂಡವರ ವಿಷಯವನ್ನೂ ಬರೀರಿ, ಹೆಸರು ಬೇಡ, ನಮಗೆ ತಿಳಿದಿರಲಿಲ್ಲ ಅಂತ ಮಾತ್ರ. ಮನೆಗೆ ಹೋಗಿ ವಿಚಾರಿಸೋರು ಯಾಕೆ ಬೇಕು ಅನ್ನೋದು ಅದರಿಂದಲೇ ತಿಳಿಯುತ್ತೆ. ಇನ್ನೊಂದು, ಆ ಏಳು ಜನರಲ್ಲಿ ಈಗ ಎಷ್ಟು ಜನ ಮತ್ತೆ ಮಾತ್ರೆ ಶುರುಮಾಡಿದ್ದಾರೆ ಅಂತ ಅರ್ಜಿ ಕಳಿಸೋ ದಿನದ ಲೆಕ್ಕ ಕೊಡಿ.

ಕಳಿಸೋ ಮುಂಚೆ ಫೌಂಡೇಶನ್ನಿನ ಅಧಿಕಾರಿಗೆ ಒಂದು ಫೋನ್ ಮಾಡಿ, ಹತ್ತು ನಿಮಿಷ ಕೇಳಿ. ಬಹಳಷ್ಟು ಜನ ಸಂಕೋಚಪಟ್ಟು ಮಾಡಲ್ಲ, ಆ ಕಡೆ ಕೂತವರು ಕಾಯ್ತಾ ಇರ್ತಾರೆ. ಮತ್ತೆ ಆ ಅಜ್ಜನಿಗೆ ಈ ಸಲ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದಾ ಅಂತ ನಿಮ್ಮ ಡಾಕ್ಟರನ್ನ ಕೇಳಿ. ಅದಕ್ಕೆ ಅನುದಾನ ಬರೋವರೆಗೆ ಕಾಯಬೇಕಿಲ್ಲ.