ಸಹಾಯ ಬೇಕು: ಸಮರ್ಕಂದ್‌ನಲ್ಲಿ ಅಮ್ಮನ ಜೊತೆ ಇದ್ದೇನೆ

ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ಕರೆದುಕೊಂಡು ಉಜ್ಬೇಕಿಸ್ತಾನಕ್ಕೆ ಬಂದಿದ್ದೇನೆ. ಅಮ್ಮ ಎಲ್ಲಿ ಹೋದರೂ ಇಳಕಲ್ ಸೀರೆಯನ್ನೇ ಉಡುತ್ತಾರೆ. ರೆಗಿಸ್ತಾನ್ ಚೌಕಕ್ಕೆ ಕಾಲಿಟ್ಟರೆ ಸಾಕು, ಹೆಂಗಸರು ಮಕ್ಕಳನ್ನೂ ಕರೆದುಕೊಂಡು ಬಂದು ಫೋಟೊ ಕೇಳುತ್ತಾರೆ. ವಯಸ್ಸಾದವರು ಎದೆ ಮೇಲೆ ಕೈಯಿಟ್ಟು ನಮಸ್ಕರಿಸಿ ರಾಜ್ ಕಪೂರ್ ಹೆಸರು ಹೇಳುತ್ತಾರೆ. ಸೋವಿಯತ್ ಕಾಲದಲ್ಲಿ ಇಲ್ಲಿ ಹಿಂದಿ ಸಿನಿಮಾ ಅಷ್ಟು ಓಡಿತ್ತಲ್ವಾ.

ನಿನ್ನೆ ಸಿಯಾಬ್ ಬಜಾರ್‌ನಲ್ಲಿ ಒಬ್ಬ ಅಜ್ಜಿ ಅಮ್ಮನ ಕೆಂಪು ಸೆರಗಿನ ತೋಪುತೆನೆ ವಿನ್ಯಾಸವನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ ಎಳ್ಳು ಉದುರಿಸಿದ ದುಂಡನೆಯ ರೊಟ್ಟಿಯೊಂದನ್ನು ಅಮ್ಮನ ಕೈಗಿಟ್ಟರು. ದುಡ್ಡು ಕೊಟ್ಟರೆ ಮುಟ್ಟಲೇ ಇಲ್ಲ. ಇಂಥ ಪ್ರೀತಿಗೆ ಸುಮ್ನೆ ಥ್ಯಾಂಕ್ಸ್ ಹೇಳಿ ಬರೋಕೆ ಮನಸ್ಸು ಒಪ್ಪಲ್ಲ.

ಅಮ್ಮನಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ಯಾರ ಮನಸ್ಸಿಗೂ ನೋವಾಗದ ಹಾಗೆ "ಕೂತು ಫೋಟೊ ತೆಗೆಸಿಕೊಳ್ಳೋಣ" ಅಂತ ಉಜ್ಬೆಕ್‌ನಲ್ಲಿ ಹೇಗೆ ಹೇಳಬೇಕು? ಇಲ್ಲಿ ಮೆಡಿಕಲ್ ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಗುಂಪಿನಲ್ಲಿದ್ದರೆ ಒಂದು ವಾಯ್ಸ್ ಮೆಸೇಜ್ ಕಳಿಸಿ, ಪ್ಲೀಸ್.

ಇನ್ನೊಂದು ವಿಷಯ. ನಾವಿರುವ ಗೆಸ್ಟ್‌ಹೌಸ್ ಪಕ್ಕದ ಮನೆಯವರು ನಾಳೆ ರಾತ್ರಿ ಪ್ಲೋವ್ (ಮಾಂಸ ಹಾಕಿ ಮಾಡುವ ಇಲ್ಲಿನ ಪಲಾವ್) ಊಟಕ್ಕೆ ಕರೆದಿದ್ದಾರೆ. ನಾವು ಮಾಂಸ ತಿನ್ನಲ್ಲ. ಅದನ್ನು ಈಗಲೇ ಹೇಳಿಬಿಡೋದು ಒಳ್ಳೆಯದಾ? ಕೈಯಲ್ಲಿ ಏನು ತೆಗೆದುಕೊಂಡು ಹೋಗಲಿ? ಊರಿಂದ ತಂದ ಮೈಸೂರ್ ಪಾಕ್ ಇನ್ನೂ ಒಂದು ಡಬ್ಬಿ ಇದೆ.