ಕಡಲು ಮುಚ್ಚಿದ್ದರಿಂದಲೇ ಎಂಕ್‌ಹೌಜೆನ್ ಸೊರಗಿತೇ? ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ನೆದರ್ಲೆಂಡ್ಸಿನ ಎಂಕ್‌ಹೌಜೆನ್ ಒಂದು ಕಾಲದಲ್ಲಿ ಹಡಗುಗಳಿಂದ ತುಂಬಿ ತುಳುಕುತ್ತಿದ್ದ ಬಂದರು. 1932ರಲ್ಲಿ ಸರ್ಕಾರವು 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಜೌಡರ್‌ಜೇ ಎಂಬ ಕಡಲನ್ನೇ ಕೆರೆಯಾಗಿಸಿತು. ಆ ದಿನವೇ ಊರು ಸತ್ತುಹೋಯಿತು. ಈಗ ಅಲ್ಲಿ ಉಳಿದಿರುವುದು ಪ್ರವಾಸಿಗರಿಗೆ ತೋರಿಸುವ ಹಳೆಯ ಕಟ್ಟಡಗಳು ಮಾತ್ರ. ಎಲ್ಲರಿಗೂ ತಲುಪಿಸಿ.

ಚಿಕ್ಕಪ್ಪ: ಎಲ್ಲರೂ ಇದನ್ನು ಓದಬೇಕು. ದೊಡ್ಡ ಕಾಮಗಾರಿಗಳ ಹೆಸರಿನಲ್ಲಿ ಮೀನುಗಾರರ ಊರುಗಳು ಹೇಗೆ ಹಾಳಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ನಾನು: ಚಿಕ್ಕಪ್ಪ, ನಿಮ್ಮ ಕಾಳಜಿಯ ಬಗ್ಗೆ ನನ್ನ ತಕರಾರಿಲ್ಲ, ಆದರೆ ಈ ಸಂದೇಶ ಹೇಳುವ ಕಾಲಾನುಕ್ರಮವೇ ತಪ್ಪು. 1622ರಲ್ಲಿ ಎಂಕ್‌ಹೌಜೆನ್‌ನ ಜನಸಂಖ್ಯೆ ಸುಮಾರು 21,000 ಇತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಅದು ಐದಾರು ಸಾವಿರಕ್ಕೆ ಇಳಿದಿತ್ತು. ಒಡ್ಡು ಕಟ್ಟಿ ಮುಗಿಸಿದ್ದು ಅದಾದ ಎಷ್ಟೋ ದಶಕಗಳ ಮೇಲೆ, 1932ರ ಮೇ ತಿಂಗಳಿನಲ್ಲಿ. ಊರಿನ ಮುಕ್ಕಾಲು ಪಾಲು ಜನ ಕರಗಿಹೋದಾಗ ಜೌಡರ್‌ಜೇ ಇನ್ನೂ ತೆರೆದ ಉಪ್ಪುನೀರಿನ ಕಡಲಾಗಿಯೇ ಇತ್ತು.

ಭಾವ: ಹಾಗಾದರೆ ಅಷ್ಟು ಜನ ಅಲ್ಲಿ ಸೇರಿದ್ದಾದರೂ ಏತಕ್ಕೆ, ಆಮೇಲೆ ಹೋದದ್ದಾದರೂ ಏತಕ್ಕೆ? ನಾವು ಹೋದ ವರ್ಷ ನೋಡಿದಾಗ ನನಗೆ ಅದು ಅಂಥ ದೊಡ್ಡ ನಗರದಂತೆ ಕಾಣಲೇ ಇಲ್ಲ.

ನಾನು: ಸೇರಿದ್ದು ಮೀನಿಗಾಗಿ, ಭಾವ. ಊರಿನ ಲಾಂಛನದಲ್ಲಿ ಕಿರೀಟ ತೊಟ್ಟ ಮೂರು ಹೆರಿಂಗ್ ಮೀನುಗಳಿವೆ, ಅದೇ ಅಲ್ಲಿನ ಇತಿಹಾಸದ ಮೊದಲ ಪುಟ. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ದಾಯಾದಿ ಎನ್ನಬಹುದಾದ ಕೊಬ್ಬಿನ ಮೀನು. ಹಿಡಿದ ಕೂಡಲೇ ಉಪ್ಪು ಹಾಕದಿದ್ದರೆ ಕೆಡುತ್ತದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಅತಿ ದೊಡ್ಡ ಹೆರಿಂಗ್ ದೋಣಿಪಡೆ ಈ ಊರಿನದಾಗಿತ್ತು. ಜೂನ್ ಕೊನೆಯ ಹೊತ್ತಿಗೆ ದೊಡ್ಡ ದೋಣಿಗಳು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಬಳಿಗೆ ಹೋಗಿ, ಮೀನಿನ ಹಿಂಡಿನ ಜೊತೆಜೊತೆಗೇ ದಕ್ಷಿಣಕ್ಕೆ ಇಳಿಯುತ್ತಿದ್ದವು. ದೋಣಿಯ ಮೇಲೆಯೇ ಒಬ್ಬೊಬ್ಬನೂ ಚಿಕ್ಕ ಚಾಕು ಹಿಡಿದು ಮೀನಿನ ಗಂಟಲ ಬಳಿ ಒಂದೇ ಸಲ ಕೊಯ್ದು, ಕಿವಿರನ್ನೂ ಕರುಳಿನ ಒಂದು ಭಾಗವನ್ನೂ ಎಳೆದು ತೆಗೆಯುತ್ತಿದ್ದ. ಮೇದೋಜೀರಕ ಗ್ರಂಥಿಯನ್ನು ಮಾತ್ರ ಒಳಗೇ ಬಿಡುತ್ತಿದ್ದ, ಏಕೆಂದರೆ ಅದರ ರಸದಿಂದಲೇ ಮಾಂಸ ಹದವಾಗಿ ಮಾಗುತ್ತದೆ. ಆಮೇಲೆ ಉಪ್ಪಿನೊಂದಿಗೆ ಪದರ ಪದರವಾಗಿ ಪೀಪಾಯಿಗೆ ತುಂಬುವುದು. ಹೀಗೆ ತಿಂಗಳುಗಟ್ಟಲೆ ಕೆಡದೆ ಉಳಿಯುವ ಮೀನು ಬಾಲ್ಟಿಕ್ ಕಡಲಿನ ಬಂದರುಗಳಿಗೆ ಹೋಗುತ್ತಿತ್ತು, ಅಲ್ಲಿಂದ ಧಾನ್ಯವೂ ಮರವೂ ಬರುತ್ತಿದ್ದವು. ಪೀಪಾಯಿ ಮಾಡುವವರು, ಹಗ್ಗ ಹೊಸೆಯುವವರು, ಬಲೆ ನೇಯುವವರು, ಉಪ್ಪು ಕುದಿಸುವವರು ಎಲ್ಲರೂ ಬದುಕಿದ್ದು ಆ ಮೀನಿನಿಂದಲೇ.

ಅದು ಕುಸಿಯಲು ಒಂದೇ ಕಾರಣವಿರಲಿಲ್ಲ. ಇಂಗ್ಲೆಂಡಿನೊಂದಿಗೆ ಮತ್ತೆ ಮತ್ತೆ ಯುದ್ಧಗಳಾದವು, ಇಂದಿನ ಫ್ರಾನ್ಸಿನಲ್ಲಿರುವ ಡನ್‌ಕರ್ಕ್ ಬಂದರಿನ ಕಡಲುಗಳ್ಳರು ದೋಣಿಗಳನ್ನು ಸುಟ್ಟರು, ಬೇರೆ ದೇಶದವರೂ ಹೆರಿಂಗ್ ವ್ಯಾಪಾರಕ್ಕೆ ಇಳಿದರು, ಬಂದರಿನಲ್ಲಿ ಹೂಳು ತುಂಬಿತು. ಎಲ್ಲಕ್ಕಿಂತ ಮಿಗಿಲಾಗಿ, ಹಣವೂ ಹಡಗೂ ವ್ಯಾಪಾರಿಗಳೂ ಆಮ್‌ಸ್ಟರ್‌ಡಾಮಿಗೆ ಹೋಗಿ ಸೇರಿದರು.

ಅತ್ತೆ: ನೀನು ಮೀನಿನ ಕಥೆಯನ್ನು ಬಹಳ ಚೆನ್ನಾಗಿ ಹೇಳಿದೆ, ಆದರೆ ಮೆಣಸಿನ ಕಥೆಯನ್ನು ಬಿಟ್ಟೆ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಎಂಕ್‌ಹೌಜೆನ್ ಒಂದು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳು. ಆ ಕಂಪನಿಯ ಹೆಸರು ಬಂದಾಗಲೆಲ್ಲ ನನಗೆ ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ 1621ರಲ್ಲಿ ನಡೆದದ್ದೆಲ್ಲ ಕಣ್ಣೆದುರು ಬರುತ್ತದೆ. ಜಾಯಿಕಾಯಿ ಮತ್ತು ಜಾಪತ್ರೆಯ ಏಕಸ್ವಾಮ್ಯಕ್ಕಾಗಿ ಅಲ್ಲಿನ ಬಹುಪಾಲು ಜನರನ್ನು ಕೊಂದರು, ಹಸಿವಿನಿಂದ ಸಾಯಿಸಿದರು ಅಥವಾ ಗುಲಾಮರನ್ನಾಗಿ ಸಾಗಿಸಿದರು. ಅದನ್ನು ಮಾಡಿಸಿದ ಯಾನ್ ಪೀಟರ್ಸ್‌ಜೂನ್ ಕೂನ್ ಹುಟ್ಟಿದ್ದು ಪಕ್ಕದ ಹೋರ್ನ್ ಪಟ್ಟಣದಲ್ಲಿ. ಇಂದಿಗೂ ಆ ಪಟ್ಟಣದ ನಡುವೆ ಅವನ ಪ್ರತಿಮೆ ನಿಂತಿದೆ. ಆ ಊರುಗಳ ಸೊಗಸಾದ ಇಟ್ಟಿಗೆ ಮನೆಗಳನ್ನು ನೋಡಿ ಮರುಗುವ ಮುನ್ನ ಆ ಇಟ್ಟಿಗೆಯ ಹಣ ಎಲ್ಲಿಂದ ಬಂತು ಎಂದು ಕೇಳಬೇಕು.

ನಾನು: ಕೇಳಲೇಬೇಕು, ಅತ್ತೆ. ಆದರೆ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಡೋಣ. ಕಂಪನಿಯ ವ್ಯವಹಾರದಲ್ಲಿ ಆಮ್‌ಸ್ಟರ್‌ಡಾಮಿನ ಪಾಲು ಅರ್ಧ, ಜೀಲೆಂಡ್ ಪ್ರಾಂತ್ಯದ್ದು ಕಾಲು, ಉಳಿದ ನಾಲ್ಕು ಊರುಗಳದು ಹದಿನಾರನೆಯ ಒಂದೊಂದು ಪಾಲು. ಎಂಕ್‌ಹೌಜೆನ್ ಕಂಪನಿಗಿಂತ ಮೊದಲೇ ಹೆರಿಂಗಿನಿಂದ ಬೆಳೆದಿತ್ತು. ಇದರಿಂದ ಆ ಊರು ನಿರ್ದೋಷಿ ಎಂದಾಗುವುದಿಲ್ಲ. ಒಂದು ವಿಷಯದಲ್ಲಿ ಅದರ ಹೊಣೆ ಪಾಲಿನ ಲೆಕ್ಕಕ್ಕಿಂತಲೂ ದೊಡ್ಡದು. ಯಾನ್ ಹೌಖನ್ ಫಾನ್ ಲಿನ್‌ಸ್ಖೋಟನ್ ಬೆಳೆದದ್ದು ಅಲ್ಲಿಯೇ. ಅವನು 1583ರಿಂದ ಐದಾರು ವರ್ಷ ಗೋವಾದ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದು, ಪೋರ್ಚುಗೀಸರು ಗುಟ್ಟಾಗಿಟ್ಟಿದ್ದ ಕಡಲ ದಾರಿಗಳ ವಿವರವನ್ನೆಲ್ಲ ಸಂಗ್ರಹಿಸಿ ಊರಿಗೆ ಹಿಂದಿರುಗಿದ. ಆ ಹಡಗುದಾರಿಯ ವಿವರಗಳನ್ನು ಹಿಡಿದೇ 1595ರಲ್ಲಿ ಡಚ್ಚರ ಮೊದಲ ಹಡಗುಗಳು ಪೂರ್ವಕ್ಕೆ ಹೊರಟವು. 1596ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ನಮ್ಮ ಹೊನ್ನಾವರ, ಬಸ್ರೂರು, ಮಂಗಳೂರುಗಳ ಹೆಸರುಗಳೂ ಇವೆ. ಬಸ್ರೂರಿನವರಾದ ನಾವು ಆ ಪುಟ್ಟ ಊರಿನ ಬಗ್ಗೆ ಇಷ್ಟು ವಾದಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಅಕ್ಕ: ಕಚೇರಿಯಲ್ಲಿದ್ದೆ, ಈಗಷ್ಟೇ ಎಲ್ಲವನ್ನೂ ಓದಿದೆ. ಅತ್ತೆ ಹೇಳಿದ ಮೆಣಸು ಅಲ್ಲಿ ಇಂದಿಗೂ ಕಣ್ಣಿಗೆ ಕಾಣುತ್ತದೆ. ಬಂದರಿನ ಅಂಚಿನಲ್ಲಿ 1625ರಲ್ಲಿ ಕಟ್ಟಿದ ಮನೆಯೊಂದನ್ನು "ಮೆಣಸಿನ ಮನೆ" ಎಂದೇ ಕರೆಯುತ್ತಾರೆ, ಅದು ಮುಂದೆ ಕಂಪನಿಯ ಗೋದಾಮಾಯಿತು. ಮುಂಗೋಡೆಯಲ್ಲಿ ಕೂರಿಸಿದ ಕಲ್ಲಿನ ಮೇಲೆ, ಲಾಭಕ್ಕಿಂತ ಮೊದಲು ಖರ್ಚು ಬರುತ್ತದೆ ಎಂಬ ಅರ್ಥದ ಗಾದೆಯನ್ನು ಕೆತ್ತಿದ್ದಾರೆ. ಈಗ ಅದು ಜೌಡರ್‌ಜೇ ವಸ್ತುಸಂಗ್ರಹಾಲಯದ ಭಾಗ.

ಚಿಕ್ಕಪ್ಪನ ಸಂದೇಶದ ಕೊನೆಯ ಮಾತು ನನಗೆ ನಿಜಕ್ಕೂ ನೋವು ತಂದಿತು. ಹಳೆಯ ಕಟ್ಟಡಗಳು ಉಳಿದಿರುವುದು ಪ್ರವಾಸಿಗರಿಗಾಗಿ ಅಲ್ಲ, ಅವನ್ನು ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಹಣವಿಲ್ಲದ್ದರಿಂದ. ಸಾವಿರಾರು ಮನೆಗಳು ಖಾಲಿಯಾದಾಗ ಕೋಟೆಯ ಒಳಗಿನ ಪಶ್ಚಿಮ ಭಾಗದಲ್ಲಿ ಬೀದಿಬೀದಿಗಳೇ ನೆಲಸಮವಾಗಿ ಗದ್ದೆ, ಹುಲ್ಲುಗಾವಲುಗಳಾದವು. ಆ ಭಾಗಕ್ಕೆ ಇಂದಿಗೂ ರೈತರ ಮೂಲೆ ಎಂಬ ಹೆಸರಿದೆ. ಕೋಟೆಯ ಒಡ್ಡಿನೊಳಗೆ ಹಸುಗಳು ಮೇಯುವುದನ್ನು ನಾನೇ ನೋಡಿದ್ದೇನೆ. ಬಂದರಿನ ಬಾಯಿಯನ್ನು ಕಾಯಲು 1540ರಲ್ಲಿ ಕಟ್ಟಿದ ಡ್ರೊಮೆಡಾರಿಸ್ ಗೋಪುರ ಹಾಗೆಯೇ ನಿಂತಿದೆ. ಅದರ ಹೆಬ್ಬಾಗಿಲಿನ ಕೆಳಗೆ ಹಾದು ಊರೊಳಗೆ ನಡೆದಾಗ ನನಗೆ ಕಂಡದ್ದು ಜನ ವಾಸವಾಗಿರುವ ಮನೆಗಳು. ಕಿಟಕಿಗಳಲ್ಲಿ ಹೂಕುಂಡಗಳಿದ್ದವು, ಬಾಗಿಲಲ್ಲಿ ಮಕ್ಕಳ ಸೈಕಲ್‌ಗಳಿದ್ದವು. ಸತ್ತ ಊರು ಹಾಗಿರುವುದಿಲ್ಲ.

ಭಾವ: ಆದರೆ ಆ ವಸ್ತುಸಂಗ್ರಹಾಲಯದ ತೆರೆದ ಬಯಲಿನ ಭಾಗ ನನಗೆ ಒಪ್ಪಿಗೆಯಾಗಲಿಲ್ಲ. ಉರ್ಕ್‌ನ ಮನೆಗಳು, ಆಕರ್ಸ್‌ಲೋಟ್‌ನ ಸುಣ್ಣದ ಗೂಡುಗಳು, ಡೆನ್ ಊವರ್‌ನ ಚರ್ಚು ಎಂದು ಎಲ್ಲೆಲ್ಲಿಯದೋ ತಂದು ನಿಲ್ಲಿಸಿ ಮೀನುಗಾರರ ಹಳ್ಳಿ ಎಂದರೆ, ಅದು ಯಾವ ಹಳ್ಳಿ?

ಅಕ್ಕ: ಅದು 1983ರಲ್ಲಿ ತೆರೆದದ್ದು. ಅಷ್ಟು ಹೊತ್ತಿಗೆ ಆ ಮನೆಗಳು ತಮ್ಮ ಊರುಗಳಲ್ಲೇ ಉಳಿಯುವ ಸ್ಥಿತಿಯಲ್ಲಿರಲಿಲ್ಲ. ತಂದು ಉಳಿಸಿದ್ದನ್ನು ತಪ್ಪೆನ್ನಲಾರೆ.

ಚಿಕ್ಕಪ್ಪ: ನೀವೆಲ್ಲ ಹದಿನೇಳನೆಯ ಶತಮಾನದಲ್ಲಿಯೇ ಇದ್ದೀರಿ. ಹೆರಿಂಗಿನ ವೈಭವ ಮುಗಿದ ಮೇಲೆಯೂ 1932ರಲ್ಲಿ ಅಲ್ಲಿ ಮೀನುಗಾರರಿದ್ದರೋ ಇಲ್ಲವೋ? ಅವರ ಬದುಕನ್ನು ಆ ಒಡ್ಡು ಮುಗಿಸಿತೋ ಇಲ್ಲವೋ? ಸಂದೇಶದಲ್ಲಿ ಕಾಲಾನುಕ್ರಮ ತಪ್ಪಿರಬಹುದು, ಪ್ರಶ್ನೆ ತಪ್ಪಲ್ಲ.

ನಾನು: ಇದ್ದರು, ಮತ್ತು ಅವರ ಮಟ್ಟಿಗೆ ನಿಮ್ಮ ಮಾತು ಪೂರ್ತಿ ನಿಜ. ಉಪ್ಪುನೀರು ಸಿಹಿಯಾದ ಹಾಗೆ ಜೌಡರ್‌ಜೇ ಹೆರಿಂಗ್ ಹೋಯಿತು, ಆಂಚೊವಿ ಎಂಬ ಸಣ್ಣ ಮೀನು ಹೋಯಿತು; ಉಳಿದವರು ಹಾವುಮೀನಿನ ಬಲೆಗೆ ಕೈಹಾಕಿದರು. ಆದರೆ ಆ ಒಡ್ಡನ್ನು ಯಾರೋ ಹುಚ್ಚಿಗೆ ಕಟ್ಟಲಿಲ್ಲ. 1916ರ ಜನವರಿಯಲ್ಲಿ ಬಿರುಗಾಳಿಗೆ ಜೌಡರ್‌ಜೇ ಸುತ್ತಲಿನ ಏರಿಗಳು ಒಡೆದು ಊರುಗಳು ಮುಳುಗಿದವು. ಮೊದಲ ಮಹಾಯುದ್ಧದಲ್ಲಿ ಆಹಾರದ ಕೊರತೆಯಾಯಿತು. ಎಂಜಿನಿಯರ್ ಕಾರ್ನೆಲಿಸ್ ಲೆಲಿ ಬಹಳ ಹಿಂದೆಯೇ ರೂಪಿಸಿದ್ದ ಯೋಜನೆಗೆ 1918ರಲ್ಲಿ ಕಾಯ್ದೆಯ ಒಪ್ಪಿಗೆ ಸಿಕ್ಕಿತು. ಇಂದು ಎಂಕ್‌ಹೌಜೆನ್ ಪಕ್ಕದ ಆಂಡೈಕ್‌ನಲ್ಲಿ ಅದೇ ಕೆರೆಯ ನೀರನ್ನು ಶುದ್ಧಗೊಳಿಸಿ ಕುಡಿಯಲು ಕೊಡುತ್ತಾರೆ.

ಊರು ಮತ್ತೆ ಬದುಕಿದ್ದು ಮಾತ್ರ ಕಡಲಿನಿಂದಲೂ ಅಲ್ಲ, ಕೆರೆಯಿಂದಲೂ ಅಲ್ಲ, ಮಣ್ಣಿನಿಂದ. 1867ರಲ್ಲಿಯೇ ಆ ಸುತ್ತಮುತ್ತಲಿನಲ್ಲಿ ಸ್ಲೌಸ್ ಮತ್ತು ಗ್ರೋಟ್ ಎಂಬ ಬೀಜದ ಕಂಪನಿ ಶುರುವಾಯಿತು. ಅದು ಕೈಬದಲಾಗುತ್ತಾ ಈಗ ನಮ್ಮ ರೈತರಿಗೂ ಗೊತ್ತಿರುವ ಸಿಂಜೆಂಟಾದೊಳಗೆ ಸೇರಿದೆ. 1938ರಲ್ಲಿ ಹುಟ್ಟಿದ ಎನ್ಜಾ ಜಾಡನ್ ಇಂದಿಗೂ ಆ ಊರಿನಲ್ಲೇ ಇದ್ದು ಲೋಕದ ಅನೇಕ ದೇಶಗಳಿಗೆ ತರಕಾರಿ ಬೀಜ ಕಳಿಸುತ್ತದೆ.

ಅತ್ತೆ: ಬೀಜದ ವಿಷಯ ನನಗೆ ಹೊಸದು. ಆದರೂ ಆ ಮೆಣಸಿನ ಮನೆಯೊಳಗೆ ಬಾಂಡಾದವರ ಕಥೆಗೆ ಎಷ್ಟು ಗೋಡೆ ಬಿಟ್ಟಿದ್ದಾರೆ ಎಂಬುದನ್ನು ನೋಡಿದ ಮೇಲೆಯೇ ನಾನು ಆ ಊರನ್ನು ಹೊಗಳುತ್ತೇನೆ. ಮುಂದಿನ ಸಲ ಅಲ್ಲಿಗೆ ಹೋದಾಗ ಅದನ್ನು ನೋಡಿ ಬರೆ, ಮಗಳೇ.

ಚಿಕ್ಕಪ್ಪ: ಮಣ್ಣಿನಿಂದ ಬದುಕಿದವರು ರೈತರು ಮತ್ತು ಕಂಪನಿಗಳು. ಬಲೆ ಕಳೆದುಕೊಂಡವರು ಬೇರೆಯವರು. ಅವರಿಗೆ ಪರಿಹಾರ ಕೊಡಲು ಯಾವುದಾದರೂ ಕಾನೂನು ಇತ್ತೇ?

ನಾನು: ಇತ್ತು, ಚಿಕ್ಕಪ್ಪ. ಒಡ್ಡು ಮುಗಿಯುವ ಏಳು ವರ್ಷ ಮೊದಲೇ, 1925ರಲ್ಲಿ, ಜೌಡರ್‌ಜೇ ಮೀನುಗಾರರಿಗೆ ನೆರವು ನೀಡುವ ಕಾಯ್ದೆ ಬಂತು. ಕೊಟ್ಟದ್ದು ಸಾಲದು ಎಂದು ಮೀನುಗಾರರು ದೂರಿದರು.

ಚಿಕ್ಕಪ್ಪ: ಹಾಗಿದ್ದರೆ ಸಂದೇಶದಿಂದ "ಊರು ಸತ್ತುಹೋಯಿತು" ಎಂಬ ಮಾತನ್ನು ತೆಗೆದು, ಈ 1925ರ ಕಾಯ್ದೆಯನ್ನೂ ಮೀನುಗಾರರ ದೂರನ್ನೂ ಸೇರಿಸಿ ಬರೆದು ಕೊಡು. ಬಂದರಿನ ಸಂಘದ ಗುಂಪಿಗೆ ಅದನ್ನೇ ಕಳಿಸುತ್ತೇನೆ. ಅಲ್ಲಿಯವರು ಕೇಳುತ್ತಿರುವುದೂ ಅದನ್ನೇ.